ನಾಲ್ಕನೆಯ ವಾಕ್ಯ

ಕಾನೂನಿನ ಆ ಕಲಮಿನಲ್ಲಿ ನಾಲ್ಕು ವಾಕ್ಯಗಳಿದ್ದವು. ಮೊದಲ ಮೂರು ಸರ್ಕಾರ ಕೇಳಿದ್ದು. ನಾಲ್ಕನೆಯದು ನಾನು ಸೇರಿಸಿದ್ದು.

ದೇಶದ ಗುಪ್ತಚರ ಸಂಸ್ಥೆಯ ಮುಖ್ಯಸ್ಥರಿಗೆ ತುರ್ತು ಸಂದರ್ಭದಲ್ಲಿ ಎಷ್ಟು ಅಧಿಕಾರ ಇರಬೇಕು ಎಂದು ಪರಿಶೀಲಿಸಲು ಸರ್ಕಾರ ಏಕಸದಸ್ಯ ಆಯೋಗವೊಂದನ್ನು ನೇಮಿಸಿತ್ತು. ಆ ಒಬ್ಬ ಸದಸ್ಯರು ನಿವೃತ್ತ ನ್ಯಾಯಾಧೀಶರು. ನಾನು ಅವರ ಕಾರ್ಯದರ್ಶಿ. ಸ್ವೀಡನ್ನಿನಲ್ಲಿ ಆಯೋಗದ ಕಾರ್ಯದರ್ಶಿ ಎಂದರೆ ಕಡತ ಜೋಡಿಸಿಡುವವಳಲ್ಲ. ವರದಿಯನ್ನೂ ಕಾನೂನಿನ ಕರಡನ್ನೂ ಕೂತು ಬರೆಯುವವಳು ಅವಳೇ. ಆದರೆ ಬರೆದದ್ದು ಅವಳದಲ್ಲ. ಹೊದಿಕೆಯ ಮೇಲೆ ನ್ಯಾಯಾಧೀಶರ ಹೆಸರಿರುತ್ತದೆ, ಅವರ ಅಭಿಪ್ರಾಯವೇ ಒಳಗಿನ ಅಭಿಪ್ರಾಯ. ಕಾರ್ಯದರ್ಶಿಗೆ ಭಿನ್ನಮತ ದಾಖಲಿಸುವ ಹಕ್ಕಿಲ್ಲ. ಆ ಹಕ್ಕು ಇರುವುದು ಬೇರೆ ಬೇರೆ ಸಂಸ್ಥೆಗಳಿಂದ ಬಂದು ಕೂರುವ ತಜ್ಞರಿಗೆ ಮಾತ್ರ. ಇದೆಲ್ಲ ಗೊತ್ತಿದ್ದೇ ನಾನು ಕೆಲಸ ಒಪ್ಪಿಕೊಂಡಿದ್ದೆ.

ವೆಸ್ಟೆರಾಸ್‌ನಿಂದ ಬೆಳಗ್ಗೆ ಆರೂವರೆಯ ರೈಲು ಹಿಡಿದು ಸ್ಟಾಕ್‌ಹೋಮ್ ತಲುಪುತ್ತಿದ್ದೆ. ನಾಲ್ಕನೇ ಮಹಡಿಯಲ್ಲಿ ನಮ್ಮ ಕೋಣೆ. ಬಾಗಿಲ ಹೊರಗೆ ಸಣ್ಣ ಲಾಕರು, ಅದರೊಳಗೆ ಫೋನು, ಕೈಗಡಿಯಾರ ಎಲ್ಲ ಇಟ್ಟು ಒಳಗೆ ಹೋಗಬೇಕು. ನನ್ನ ಕಂಪ್ಯೂಟರಿಗೆ ಇಂಟರ್ನೆಟ್ ಇರಲಿಲ್ಲ. ಸಂಜೆ ಹೊರಡುವಾಗ ಕಾಗದಗಳನ್ನು ಎಣಿಸಿ ತಿಜೋರಿಯಲ್ಲಿಟ್ಟು ಸಹಿ ಹಾಕಬೇಕು. ಅಮ್ಮ, "ಏನ್ ಕೆಲಸಾನೇ ಅದು?" ಎಂದು ಕೇಳಿದರೆ, "ಬರೆಯೋ ಕೆಲಸ ಅಮ್ಮ" ಎನ್ನುತ್ತಿದ್ದೆ. ಅದು ಸುಳ್ಳಲ್ಲ.

ಆಗಿನ ಕಾನೂನು ಹೀಗಿತ್ತು. ಒಬ್ಬನ ಫೋನು ಕದ್ದಾಲಿಸಲು ಗುಪ್ತಚರ ಸಂಸ್ಥೆ ನ್ಯಾಯಾಲಯದ ಅನುಮತಿ ಪಡೆಯಬೇಕು. ಕಾಯುತ್ತಾ ಕೂತರೆ ಮುಖ್ಯವಾದ ಮಾಹಿತಿ ಕೈತಪ್ಪುತ್ತದೆ ಎನ್ನುವಂಥ ಕೆಲವೇ ಸಂದರ್ಭಗಳಲ್ಲಿ ಮುಖ್ಯಸ್ಥರು ತಾವೇ ಆದೇಶ ಕೊಟ್ಟು ಆಮೇಲೆ ನ್ಯಾಯಾಲಯಕ್ಕೆ ತಿಳಿಸಬಹುದು. ಈ 'ಕೆಲವೇ ಸಂದರ್ಭ'ವನ್ನು ಹಿಗ್ಗಿಸಬೇಕು ಎನ್ನುವುದು ಸರ್ಕಾರದ ಇಚ್ಛೆ. ಹಿಗ್ಗಿಸಬೇಕೇ ಬೇಡವೇ ಎಂದು ನಮ್ಮನ್ನು ಕೇಳಿರಲಿಲ್ಲ, ಹೇಗೆ ಎಂದಷ್ಟೇ ಕೇಳಿದ್ದರು.

ಮೂರನೇ ವಾರದಲ್ಲಿ ನಾನೊಂದು ಕೋಷ್ಟಕ ಮಾಡಿದೆ. ಮುಖ್ಯಸ್ಥರ ಆದೇಶ ಯಾವಾಗ, ಕದ್ದಾಲಿಕೆ ಶುರು ಯಾವಾಗ, ನ್ಯಾಯಾಲಯಕ್ಕೆ ವರದಿ ಯಾವಾಗ, ನ್ಯಾಯಾಲಯದ ತೀರ್ಮಾನ ಯಾವಾಗ ಎಂದು ಒಂದರ ಕೆಳಗೊಂದು ಬರೆದು, ಪ್ರತಿಯೊಂದರ ಎದುರು 'ಆಗದಿದ್ದರೆ?' ಎಂದು ಕೇಳಿಕೊಂಡು ಹೋದೆ. ಮೂರನೇ ಸಾಲಿಗೆ ಬಂದಾಗ ಕೈ ನಿಂತಿತು. ಆದೇಶ ಮುಂದುವರಿಯಬೇಕೇ ಎಂಬುದನ್ನು ನ್ಯಾಯಾಲಯ ಪರಿಶೀಲಿಸುತ್ತದೆ ಎಂದು ಕಾನೂನು ಹೇಳುತ್ತಿತ್ತು. ವರದಿ ಮುಟ್ಟುವ ಮೊದಲೇ ಮುಖ್ಯಸ್ಥರು ಕದ್ದಾಲಿಕೆ ನಿಲ್ಲಿಸಿಬಿಟ್ಟರೆ? ಆಗ ಮುಂದುವರಿಸಲು ಏನೂ ಇಲ್ಲ, ಆದ್ದರಿಂದ ಪರಿಶೀಲಿಸಲೂ ಏನೂ ಇಲ್ಲ. ಗುಮಾಸ್ತರು ಒಂದು ಮುದ್ರೆ ಒತ್ತಿ ಕಡತ ಮುಚ್ಚುತ್ತಾರೆ. ಶುರು ಮಾಡಿದ್ದು ಸರಿಯೋ ತಪ್ಪೋ ಎಂದು ಯಾರೂ ನೋಡುವುದಿಲ್ಲ. ಕೇಳಿಸಿಕೊಂಡದ್ದು ಮಾತ್ರ ಸಂಸ್ಥೆಯಲ್ಲೇ ಉಳಿಯುತ್ತದೆ.

ಅಪರೂಪದ ಅಧಿಕಾರಕ್ಕೆ ಇದು ಸಣ್ಣ ರಂಧ್ರ. ಹಿಗ್ಗಿಸಿದ ಅಧಿಕಾರಕ್ಕೆ ಹೆಬ್ಬಾಗಿಲು.

ನಾಲ್ಕನೆಯ ವಾಕ್ಯ ಬರೆದದ್ದು ಆಗ. 'ಕದ್ದಾಲಿಕೆ ಅಷ್ಟರಲ್ಲಿ ನಿಂತುಹೋಗಿದ್ದರೂ, ಅದನ್ನು ಆರಂಭಿಸಲು ಕಾರಣವಿತ್ತೇ ಎಂಬುದನ್ನು ನ್ಯಾಯಾಲಯ ಪರಿಶೀಲಿಸತಕ್ಕದ್ದು; ಕಾರಣವಿರಲಿಲ್ಲವೆಂದು ಕಂಡರೆ ದೊರೆತ ಮಾಹಿತಿಯನ್ನು ಬಳಸತಕ್ಕದ್ದಲ್ಲ.' ನ್ಯಾಯಾಧೀಶರು ಕನ್ನಡಕ ಹಣೆಗೇರಿಸಿ, ಕಾಗದ ಮೂಗಿನ ಹತ್ತಿರ ಹಿಡಿದು ಓದಿದರು. ಸ್ವೀಡಿಷ್‌ನಲ್ಲಿ ಎಲ್ಲರಿಗೂ ಏಕವಚನವೇ, ನಾವೂ ಹಾಗೇ ಮಾತಾಡುತ್ತಿದ್ದೆವು. ನನ್ನ ಕನ್ನಡದಲ್ಲಿ ಮಾತ್ರ ಅವರು ಬಹುವಚನ ಬಿಟ್ಟು ಬರುವುದಿಲ್ಲ.

"ಇದು ಮೊದಲಿಂದಲೇ ಇರಬೇಕಿತ್ತು" ಎಂದರು. ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕಿದರು.

ತಜ್ಞರ ಸಭೆ ತಿಂಗಳಿಗೊಮ್ಮೆ. ಅದರಲ್ಲಿ ಇಬ್ಬರ ಬಗ್ಗೆ ಹೇಳಬೇಕು. ಒಬ್ಬರು ಗುಪ್ತಚರ ಸಂಸ್ಥೆಯ ವಕೀಲರು, ಸೌಮ್ಯ ಸ್ವಭಾವದವರು, ಫಿಕಾ ಎನ್ನುವ ಕಾಫಿ ವಿರಾಮದಲ್ಲಿ ಎಲ್ಲರ ಲೋಟಕ್ಕೂ ತಾವೇ ಬಗ್ಗಿಸುತ್ತಿದ್ದರು. ಇನ್ನೊಬ್ಬರು ಉಸ್ತುವಾರಿ ಮಂಡಳಿಯಿಂದ ಬಂದ ಹಿರಿಯ ಮಹಿಳೆ. ಗುಪ್ತಚರ ಸಂಸ್ಥೆಯ ಕಡತಗಳನ್ನು ಒಳಗೆ ಹೋಗಿ ನೋಡುವ ಹಕ್ಕು ಆ ಮಂಡಳಿಗಿದೆ. ನೋಡಿದ್ದನ್ನು ಹೊರಗೆ ಹೇಳುವ ಹಕ್ಕಿಲ್ಲ. ಆಕೆ ಸಭೆಯಲ್ಲಿ ಮಾತಾಡಿದ್ದೇ ಕಡಿಮೆ.

ವಕೀಲರು ನಾಲ್ಕನೆಯ ವಾಕ್ಯದ ಮೇಲೆ ಬೆರಳಿಟ್ಟು, "ಇದು ಯಾಕೆ ಬೇಕು?" ಎಂದು ಕೇಳಿದರು. "ನಮ್ಮ ಮುಖ್ಯಸ್ಥರು ಅರ್ಧ ಗಂಟೆಯಲ್ಲಿ ನಿರ್ಧಾರ ಮಾಡಬೇಕಾಗುತ್ತೆ. ನಿಲ್ಲಿಸಿದ ಮೇಲೂ ಯಾರೋ ಕೂತು ತಪ್ಪು ಹುಡುಕ್ತಾರೆ ಅಂತ ಗೊತ್ತಿದ್ದರೆ ಅವರು ಆದೇಶಾನೇ ಕೊಡಲ್ಲ."

"ಯೋಚಿಸಿ ಕೊಡಬಹುದು" ಎಂದೆ.

"ಯೋಚಿಸೋಕೆ ಸಮಯ ಇಲ್ಲದಾಗಲೇ ಅಲ್ವಾ ಈ ಕಲಂ ಬೇಕಾಗೋದು?"

ಅವರ ಮಾತಿನಲ್ಲಿ ಹುರುಳಿತ್ತು. ಅವರು ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು.

ಚಳಿಗಾಲ ಮುಗಿಯುವ ಹೊತ್ತಿಗೆ ಆಯೋಗಕ್ಕೆ ಒಂದು ಪತ್ರ ಬಂತು. ಬರೆದವರು ಮೋಲ್ನ್‌ಡಾಲ್ ಕಡೆಯ ಸಣ್ಣ ಪ್ರಯೋಗಾಲಯವೊಂದರಲ್ಲಿ ಔಷಧ ಸಂಶೋಧನೆ ಮಾಡುತ್ತಿದ್ದವರು. ತಮ್ಮ ಅನುಭವ ಹೇಳಬೇಕು, ಅರ್ಧ ಗಂಟೆ ಕೊಡಿ ಎಂದು ಕೇಳಿದ್ದರು. ಕೆಳಗಿನ ಹೆಸರು ನೋಡಿ ನಮ್ಮ ಕಡೆಯವರು ಎಂದು ಗೊತ್ತಾಯಿತು. ನನಗೆ ಪರಿಚಯವಿಲ್ಲ ಎಂದು ನ್ಯಾಯಾಧೀಶರಿಗೆ ಹೇಳಿದೆ. "ಅರ್ಧ ಗಂಟೆ ತಾನೇ, ಬರಲಿ" ಎಂದರು.

ತಜ್ಞರ ಸಭೆಯ ದಿನವೇ ಬಂದರು. ನಲವತ್ತರ ಆಸುಪಾಸಿನ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು. ನಿಧಾನವಾದ, ತಪ್ಪಿಲ್ಲದ ಸ್ವೀಡಿಷ್‌ನಲ್ಲಿ ಹೇಳಿದರು. ಒಂದು ಸೋಮವಾರ ಅವರ ಕಾರ್ಡಿಗೆ ಮುಖ್ಯ ಬಾಗಿಲು ತೆರೆಯಿತಂತೆ, ಪ್ರಯೋಗಾಲಯದ ಬಾಗಿಲು ತೆರೆಯಲಿಲ್ಲ. 'ಭದ್ರತಾ ಕಾರಣ, ಹೆಚ್ಚು ಹೇಳಲಾಗದು' ಎಂದರಂತೆ ಮೇಲಧಿಕಾರಿಗಳು. ಕೆಲಸದಿಂದ ತೆಗೆಯಲಿಲ್ಲ. ರಾಸಾಯನಿಕಗಳ ಆರ್ಡರು ಹಾಕುವ ಮೇಜಿಗೆ ಕೂರಿಸಿದರು. ಎಂಟು ವರ್ಷ ಒಂದೇ ಪ್ರೋಟೀನಿನ ಹಿಂದೆ ಬಿದ್ದಿದ್ದ ಮನುಷ್ಯ ಕೈಗವಸಿನ ಡಬ್ಬಿಗಳನ್ನು ತರಿಸುತ್ತಿದ್ದರು. ಆ ಸೋಮವಾರಕ್ಕೆ ಹಿಂದಿನ ವಾರ ವಿದೇಶದ ಪ್ರಯೋಗಾಲಯವೊಂದರ ಗೆಳೆಯನ ಜೊತೆ ಫೋನಿನಲ್ಲಿ ದೀರ್ಘವಾಗಿ ಮಾತಾಡಿದ್ದರು. ಅದು ಬಿಟ್ಟರೆ ಬೇರೇನೂ ಹೊಳೆಯುವುದಿಲ್ಲ ಎಂದರು. ತಮ್ಮ ಫೋನು ಕದ್ದಾಲಿಸಿದ್ದಾರೆಯೇ ಎಂದು ಉಸ್ತುವಾರಿ ಮಂಡಳಿಗೆ ಬರೆದು ಕೇಳಿದ್ದರು. ಎರಡು ಸಾಲಿನ ಉತ್ತರ ಬಂದಿತ್ತು. ಪರಿಶೀಲನೆ ನಡೆಸಲಾಗಿದೆ. ಇದಕ್ಕಿಂತ ಹೆಚ್ಚು ತಿಳಿಸಲು ಕಾನೂನಿನಲ್ಲಿ ಅವಕಾಶವಿಲ್ಲ.

"ನಿಮಗೆ ನಮ್ಮಿಂದ ಏನಾಗಬೇಕು?" ಎಂದು ನ್ಯಾಯಾಧೀಶರು ಕೇಳಿದರು.

"ಪರಿಹಾರ ಬೇಡ. ಯಾವ ದಿನ ಶುರು ಮಾಡಿದರು, ಯಾವ ದಿನ ನಿಲ್ಲಿಸಿದರು, ಅದನ್ನು ಯಾರಾದರೂ ಒಬ್ಬ ನ್ಯಾಯಾಧೀಶರು ನೋಡಿದರಾ? ಇಷ್ಟೇ."

ಟಿಪ್ಪಣಿ ಬರೆದುಕೊಳ್ಳುತ್ತಿದ್ದ ನಾನು ತಲೆ ಎತ್ತಿದೆ. ಉಸ್ತುವಾರಿ ಮಂಡಳಿಯ ಆಕೆ ಕಾಗದ ನೋಡುತ್ತಿದ್ದರು. ಅದು ಆ ದಿನದ ಕಾರ್ಯಸೂಚಿ. ಅರ್ಧ ಪುಟವೂ ಇರದಿದ್ದ ಅದನ್ನು ಅವರು ತುಂಬ ಹೊತ್ತು ಓದಿದರು.

ಆ ಸಂಶೋಧಕರನ್ನು ಲಿಫ್ಟಿನವರೆಗೆ ಬಿಡುವುದು ನನ್ನ ಕೆಲಸ. ಲಾಕರಿನಿಂದ ಫೋನು ತೆಗೆದುಕೊಳ್ಳುತ್ತಾ, "ಕನ್ನಡದವರೇನ್ರಿ ನೀವು?" ಎಂದರು. ತಕ್ಷಣ ಸರಿಮಾಡಿಕೊಂಡು, "ಕನ್ನಡದವರಾ ಮೇಡಂ?" ಎಂದರು.

"ಹೌದು. ನೀವು ಧಾರವಾಡ ಕಡೆಯವರಾ?"

"ಹೂಂ. ಇಲ್ಲಿ ಬೆಂಗಳೂರಿನವರೇ ಜಾಸ್ತಿ, ಭಾಷೆ ಹಂಗೇ ತಿದ್ದಿಕೊಂಡೀನಿ." ಲಿಫ್ಟು ಬಂತು. ಹತ್ತದೆ ನಿಂತರು. "ಒಳಗೆ ನಾನು ಹೇಳಿದ್ದು ಏನಾದರೂ ಉಪಯೋಗಕ್ಕೆ ಬರುತ್ತಾ?"

"ಬರೆದುಕೊಂಡಿದ್ದೀನಿ. ಅದಕ್ಕಿಂತ ಹೆಚ್ಚು ಹೇಳೋ ಹಾಗಿಲ್ಲ" ಎಂದೆ. ನನ್ನ ಮಾತು ಆ ಎರಡು ಸಾಲಿನ ಪತ್ರದ ಹಾಗೇ ಕೇಳಿಸಿತು.

ವಾಪಸು ಬಂದಾಗ ಉಸ್ತುವಾರಿ ಮಂಡಳಿಯ ಆಕೆ ಕಾರಿಡಾರಿನಲ್ಲಿ ಕೋಟು ಹಾಕಿಕೊಳ್ಳುತ್ತಿದ್ದರು. ಗುಂಡಿ ಹಾಕುತ್ತಾ, ನನ್ನ ಮುಖ ನೋಡದೆ, "ನಿನ್ನ ನಾಲ್ಕನೆಯ ವಾಕ್ಯ ಇದೆಯಲ್ಲ, ಅದನ್ನು ತೆಗೀಬೇಡ" ಎಂದು ಹೊರಟುಹೋದರು. ನಾನು ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಅವರು ಹೇಳುವಂತಿರಲಿಲ್ಲ.

ಅಂದಿನಿಂದ ಆ ವಾಕ್ಯಕ್ಕೆ ಬೇಲಿ ಕಟ್ಟಲು ಕೂತೆ. ನೆರೆಯ ದೇಶಗಳ ಕಾನೂನು ತರಿಸಿ ಓದಿದೆ. ಪೊಲೀಸ್ ತನಿಖೆಯಲ್ಲಿ ಇಂಥದೇ ಹಿನ್ನೋಟದ ಪರಿಶೀಲನೆ ಇರುವುದನ್ನು ತೋರಿಸಿ ಆರು ಪುಟ ಬರೆದೆ. ನ್ಯಾಯಾಲಯಕ್ಕೆ ಎಷ್ಟು ಹೊರೆ ಎಂದು ಅಲ್ಲಿನವರನ್ನೇ ಕೇಳಿದೆ. ಹೆಚ್ಚೇನಿಲ್ಲ ಎಂದರು. ಅದನ್ನೂ ಸೇರಿಸಿದೆ. ವಕೀಲರು ಪ್ರತಿ ಸಭೆಯಲ್ಲೂ ಅದೇ ಆಕ್ಷೇಪವನ್ನು ಹೊಸ ಮಾತಿನಲ್ಲಿ ಹೇಳುತ್ತಿದ್ದರು, ನಾನು ಹೊಸ ಪ್ಯಾರಾ ಬರೆದು ಉತ್ತರಿಸುತ್ತಿದ್ದೆ. ಒಂದು ಸಭೆಯಲ್ಲಿ ಅವರು ಏನೂ ಹೇಳಲಿಲ್ಲ. ಗೆದ್ದೆ ಅಂದುಕೊಂಡೆ.

ಮೇ ತಿಂಗಳಲ್ಲಿ ಸರ್ಕಾರದಿಂದ ಪೂರಕ ಆದೇಶ ಬಂತು. ವರದಿಯನ್ನು ನಾಲ್ಕು ತಿಂಗಳು ಮೊದಲೇ ಒಪ್ಪಿಸಬೇಕು. ಜೊತೆಗೆ ಇನ್ನೊಂದು ಸಾಲು ಇತ್ತು. ಪ್ರಸ್ತಾವಗಳು ಸಂಸ್ಥೆಯ ಕಾರ್ಯಕ್ಷಮತೆಗೆ ಅನಗತ್ಯ ತೊಡಕಾಗದಂತೆ ಆಯೋಗ ಎಚ್ಚರ ವಹಿಸಬೇಕು. ನ್ಯಾಯಾಧೀಶರು ಅದನ್ನು ಓದಿ ಕಿಟಕಿಯ ಹತ್ತಿರ ಹೋಗಿ ನಿಂತರು.

"ಇದು ನಿನ್ನ ವಾಕ್ಯಕ್ಕೆ ಬರೆದದ್ದು" ಎಂದರು.

"ನೇರವಾಗಿ ಹಾಗೆ ಹೇಳಿಲ್ಲ."

"ನಲವತ್ತು ವರ್ಷ ಇಂಥ ಸಾಲುಗಳನ್ನೇ ಓದಿದ್ದೀನಿ."

ಒಂದು ವಾರ ಅವರು ಅದರ ಬಗ್ಗೆ ಮಾತೆತ್ತಲಿಲ್ಲ. ಶುಕ್ರವಾರ ಮಧ್ಯಾಹ್ನ ನನ್ನ ಎದುರಿನ ಕುರ್ಚಿ ಎಳೆದು ಕೂತರು. ನಾಲ್ಕನೆಯ ವಾಕ್ಯವನ್ನು ಕೈಬಿಡುತ್ತೇನೆ ಎಂದರು. ಮೂರನೆಯದರಲ್ಲಿ ನಾವು ಹಾಕಿದ್ದ ಬಿಗಿಯನ್ನು ಉಳಿಸಿಕೊಳ್ಳುತ್ತೇನೆ, ಅಂದರೆ ಮುಖ್ಯಸ್ಥರು ತಮ್ಮ ಆದೇಶವನ್ನು ಇಪ್ಪತ್ನಾಲ್ಕು ಗಂಟೆಯೊಳಗೆ ಬರವಣಿಗೆಯಲ್ಲಿ ನ್ಯಾಯಾಲಯಕ್ಕೆ ಒಪ್ಪಿಸಬೇಕು ಎನ್ನುವುದನ್ನು. "ಎರಡಕ್ಕೂ ಹೋರಾಡಿದರೆ ಎರಡೂ ಹೋಗುತ್ತೆ. ಅಷ್ಟು ಬೇಗ ವರದಿ ಸೇರಬೇಕಾದರೆ ಅವಧಿಯೊಳಗೆ ನಿಲ್ಲಿಸಿ ತಪ್ಪಿಸಿಕೊಳ್ಳೋದು ಕಷ್ಟವಾದರೂ ಆಗುತ್ತೆ."

"ಸರಿ" ಎಂದೆ. "ವಾಕ್ಯ ತೆಗೀತೀನಿ."

"ತೆಗೆದರೆ ಸಾಲದು. ತಜ್ಞರು ಅದನ್ನು ನೋಡಿದ್ದಾರೆ. ಯಾಕೆ ತೆಗೆದೆವು ಅಂತ ಬರೀಬೇಕು. ನೀನು ಬರೀಬೇಕು."

ನಾನು ಕರಡಿನ ಪುಟ ಮುಚ್ಚಿದೆ.

"ಅದರ ಪರವಾಗಿ ಏನೇನಿದೆ ಅಂತ ನಿನಗೆ ಗೊತ್ತು. ಅದಕ್ಕೇ ಅದರ ವಿರುದ್ಧ ಸರಿಯಾಗಿ ಬರೆಯೋಕೆ ನಿನ್ನಿಂದ ಮಾತ್ರ ಸಾಧ್ಯ" ಎಂದರು. ಅವರ ಧ್ವನಿಯಲ್ಲಿ ಒತ್ತಾಯವಿರಲಿಲ್ಲ. ಆಗುವುದಿಲ್ಲವೆಂದರೆ ಇಲಾಖೆಯಿಂದ ಬೇರೊಬ್ಬರನ್ನು ಕಳಿಸುತ್ತಾರೆ ಎಂದೂ ಹೇಳಿದರು.

ಭಾನುವಾರ ಅಮ್ಮನ ಮನೆಗೆ ಹೋದೆ. ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಳು, ನಾನು ಇನ್ನೊಂದು ತುದಿ ಹಿಡಿದುಕೊಂಡೆ. ವಿಷಯ ಹೇಳುವಂತಿಲ್ಲ. "ನನಗೆ ಒಪ್ಪಿಗೆ ಇಲ್ಲದ್ದನ್ನ ಬರೆದುಕೊಡು ಅಂತಿದ್ದಾರೆ" ಎಂದೆ.

"ನೀನು ಬರೀದಿದ್ದರೆ?"

"ಬೇರೆ ಯಾರಾದರೂ ಬರೀತಾರೆ."

"ಅವರು ನಿನ್ನಷ್ಟು ಚೆನ್ನಾಗಿ ಬರೀತಾರಾ?"

"ಇಲ್ಲ ಅನ್ಸುತ್ತೆ."

"ಮತ್ತೆ, ಅವರೇ ಬರೀಲಿ ಬಿಡು" ಎಂದು ಅಮ್ಮ ಬೆಡ್‌ಶೀಟಿನ ಮೂಲೆಗಳನ್ನು ನನ್ನ ಕೈಯಿಂದ ತೆಗೆದುಕೊಂಡಳು.

ಅವಳು ಏನು ಹೇಳಿದಳು ಎಂಬುದು ನನಗೆ ಆಗ ಅರ್ಥವಾಗಲಿಲ್ಲ. ಕೆಟ್ಟ ಕೆಲಸದಿಂದ ಕೈತೊಳೆದುಕೋ ಎನ್ನುತ್ತಿದ್ದಾಳೆ ಎಂದುಕೊಂಡೆ. ಅದು ನನಗೆ ಸುಲಭದ ದಾರಿಯಾಗಿ ಕಂಡಿತು. ನಾನು ಎದ್ದು ಹೋದರೆ ಆ ಕುರ್ಚಿಯಲ್ಲಿ ಕೂರುವವರಿಗೆ ಇಪ್ಪತ್ನಾಲ್ಕು ಗಂಟೆಯ ಬಗ್ಗೆ ಯಾವ ಕಾಳಜಿಯೂ ಇರುವುದಿಲ್ಲ, ಇರುವುದನ್ನಾದರೂ ಉಳಿಸಬೇಕು ಎಂದು ತೀರ್ಮಾನಿಸಿದೆ. ಈಗಲೂ ಆ ತರ್ಕದಲ್ಲಿ ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ನನಗೆ ಬರುವುದಿಲ್ಲ. ಆದರೆ ತಪ್ಪಿತ್ತು.

ಸೋಮವಾರ ಬೆಳಗ್ಗೆ ಶುರುಮಾಡಿ ಮಂಗಳವಾರ ಊಟದ ಹೊತ್ತಿಗೆ ಮುಗಿಸಿದೆ. ಒಂದೇ ಪ್ಯಾರಾ, ಮುಕ್ಕಾಲು ಪುಟ. ಮೊದಲು ವಕೀಲರ ವಾದವನ್ನೇ ಬರೆದೆ, ಅದು ತೆಳುವಾಗಿತ್ತು, ಹರಿದುಹಾಕಿದೆ. ಆಮೇಲೆ ಬೇರೆ ಕಡೆಯಿಂದ ಬಂದೆ. ನಿಂತುಹೋದ ಕದ್ದಾಲಿಕೆಯನ್ನು ನ್ಯಾಯಾಲಯ ಪರಿಶೀಲಿಸಿದರೆ, ಆ ವ್ಯಕ್ತಿಗೆ ಅದನ್ನು ತಿಳಿಸುವಂತಿಲ್ಲ, ಅವನು ವಾದಿಸುವಂತಿಲ್ಲ. ಹೀಗಿರುವಾಗ ಪರಿಶೀಲನೆ ಎನ್ನುವುದು ರಕ್ಷಣೆಯ ತೋರಿಕೆ ಮಾತ್ರ; ತೋರಿಕೆಯ ರಕ್ಷಣೆ ನಿಜವಾದ ಉಸ್ತುವಾರಿಯ ಮೇಲಿನ ಗಮನವನ್ನು ಸಡಿಲಿಸುತ್ತದೆ; ಆದ್ದರಿಂದ ಈಗಿರುವ ಉಸ್ತುವಾರಿ ಮಂಡಳಿಯೇ ಸೂಕ್ತ. ಬರೆಯುತ್ತಾ ಹೋದ ಹಾಗೆ ಕೈಗೆ ಹುರುಪು ಬಂತು. ಆ ಹುರುಪನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ನ್ಯಾಯಾಧೀಶರು ಓದಿ, "ಇದನ್ನು ಓದಿದ ಮೇಲೆ ನನಗೇ ಒಪ್ಪಿಗೆಯಾಯಿತು" ಎಂದರು. ಅದು ತಮಾಷೆಯಾಗಿತ್ತೋ ಏನೋ ಗೊತ್ತಿಲ್ಲ.

ಉಸ್ತುವಾರಿ ಮಂಡಳಿಯ ಆಕೆ ಭಿನ್ನಮತ ಬರೆದರು. ಐದು ಸಾಲು. ಈ ವಾಕ್ಯ ಇರಬೇಕಿತ್ತು, ಕಾರಣಗಳನ್ನು ವಿವರಿಸಲು ತಮಗೆ ಕಾನೂನಿನಲ್ಲಿ ಅವಕಾಶವಿಲ್ಲ ಎಂದು. ವರದಿಯ ಕೊನೆಯ ಪುಟದಲ್ಲಿ ಅದು ಅಚ್ಚಾಯಿತು. ಕೊನೆಯ ಸಭೆಯ ದಿನ ಕೈಕುಲುಕಿದರು. ಆ ಬೇಸಿಗೆಯಲ್ಲೇ ನಿವೃತ್ತರಾದರು.

ಇಲ್ಲಿ ಆಯೋಗದ ವರದಿಯನ್ನು ಸರ್ಕಾರ ಹಲವು ಸಂಸ್ಥೆಗಳಿಗೆ ಕಳಿಸಿ ಅಭಿಪ್ರಾಯ ಕೇಳುತ್ತದೆ. ಯಾವ ನಾಗರಿಕ ಬೇಕಾದರೂ ಬರೆಯಬಹುದು. ಆಮೇಲೆ ಇಲಾಖೆ ಮಸೂದೆ ಸಿದ್ಧಪಡಿಸುತ್ತದೆ. ನಾನು ಅಷ್ಟರಲ್ಲಿ ವೆಸ್ಟೆರಾಸ್‌ನ ನ್ಯಾಯಾಲಯದಲ್ಲಿ ನ್ಯಾಯಾಧೀಶೆಯ ಹಳೆಯ ಕೆಲಸಕ್ಕೆ ಮರಳಿದ್ದೆ. ಮಸೂದೆ ಬಂದ ದಿನ ವಿರಾಮದಲ್ಲಿ ಕೂತು ಓದಿದೆ. ನನ್ನ ಪ್ಯಾರಾ ಒಂದಕ್ಷರ ಬದಲಾಗದೆ ಅಲ್ಲಿತ್ತು, 'ಆಯೋಗವು ಮನವರಿಕೆಯಾಗುವಂತೆ ತೋರಿಸಿರುವ ಹಾಗೆ' ಎಂಬ ಮುನ್ನುಡಿಯೊಂದಿಗೆ. ಕಲಮಿಗೆ ಬಂದೆ. ಮೂರನೆಯ ವಾಕ್ಯದಲ್ಲಿ ಇಪ್ಪತ್ನಾಲ್ಕು ಗಂಟೆ ಇರಲಿಲ್ಲ. 'ಅನಗತ್ಯ ವಿಳಂಬವಿಲ್ಲದೆ' ಎಂದಿತ್ತು. ಬರವಣಿಗೆಯಲ್ಲಿ ಎನ್ನುವುದೂ ಇರಲಿಲ್ಲ.

ನ್ಯಾಯಾಧೀಶರಿಗೆ ಫೋನು ಮಾಡಿದೆ. ಅವರು ಬೇಸಿಗೆ ಮನೆಯಲ್ಲಿ ಸೌದೆ ಜೋಡಿಸುತ್ತಿದ್ದರು. "ನೋಡಿದೆ" ಎಂದರು. ಇನ್ನೊಂದು ಸೌದೆ ಇಟ್ಟು, "ಇದಕ್ಕಿಂತ ಕೆಟ್ಟದಾಗಿಯೂ ಇರಬಹುದಿತ್ತು" ಎಂದರು. ಸಂಸತ್ತಿನಲ್ಲಿ ಚರ್ಚೆ ಅರ್ಧ ದಿನವೂ ನಡೆಯಲಿಲ್ಲ.

ಕಾನೂನು ಜಾರಿಗೆ ಬಂದು ಕೆಲವು ವಾರಗಳಾಗಿದ್ದವು. ಬೆಳಗಿನ ವಿಚಾರಣೆ ಮುಗಿಸಿ ಕೋಣೆಗೆ ಬಂದಾಗ ಸ್ವಿಚ್‌ಬೋರ್ಡಿನವರು ಒಂದು ಕರೆ ಕೊಟ್ಟರು.

"ಮೇಡಂ, ನಾನು ಮೋಲ್ನ್‌ಡಾಲ್‌ನಿಂದ. ಆಯೋಗಕ್ಕೆ ಬಂದಿದ್ದೆ, ನೆನಪಿದೆಯಾ?"

ನೆನಪಿದೆ ಎಂದೆ.

"ವರದಿ ಬಂದಾಗ ನಾನೂ ಅಭಿಪ್ರಾಯ ಬರೀಬೇಕು ಅಂತ ಕೂತೆ. ನಿಂತುಹೋದದ್ದನ್ನ ಕೋರ್ಟು ಯಾಕೆ ನೋಡಬಾರದು ಅಂತ ಒಂದು ಪ್ಯಾರಾ ಇದೆ. ಅದಕ್ಕೆ ಉತ್ತರ ಬರೀಬೇಕು ಅಂತ ಮೂರು ವಾರ ಪ್ರಯತ್ನ ಮಾಡಿದೆ. ಆಗಲಿಲ್ಲ, ಕಳಿಸಲಿಲ್ಲ. ಅದನ್ನ ಆ ನ್ಯಾಯಾಧೀಶರು ಬರೆದದ್ದಾ?"

"ಅಲ್ಲ. ನಾನು."

ಆ ಕಡೆ ಯಾರೋ ಬಾಗಿಲು ಮುಚ್ಚಿದ್ದು ಕೇಳಿಸಿತು.

"ಚೆನ್ನಾಗಿ ಬರೆದೀರಿ" ಎಂದರು. ಚುಚ್ಚುಮಾತಲ್ಲ. ಒಬ್ಬ ಸಂಶೋಧಕ ಇನ್ನೊಬ್ಬರ ಕೆಲಸ ನೋಡಿ ಹೇಳುವ ಹಾಗೆ ಹೇಳಿದರು. "ಎಲ್ಲಿ ಹಿಡಿಯೋದು ಅಂತಾನೇ ತಿಳೀಲಿಲ್ಲ ನನಗೆ." ಅವರೇ ಬರೀಲಿ ಬಿಡು ಎಂದು ಅಮ್ಮ ಹೇಳಿದ್ದು ನೆನಪಾಯಿತು; ಬೇರೆಯವರು ಬರೆದಿದ್ದರೆ ಇವರಿಗೆ ಹಿಡಿಯಲು ಒಂದು ತುದಿ ಸಿಗುತ್ತಿತ್ತು.

ಅದಕ್ಕೂ ಮೊದಲು ಬೇರೊಂದು ವಾಕ್ಯ ಬರೆದಿದ್ದೆ, ಅದು ನಿಮ್ಮ ಪರವಾಗಿತ್ತು ಎಂದು ಹೇಳಬೇಕೆನಿಸಿತು. ಬಾಯಿಗೆ ಬಂದದ್ದನ್ನು ನುಂಗಿದೆ. ಹೇಳಿದ್ದರೆ ನನ್ನ ಮನಸ್ಸಷ್ಟೇ ಹಗುರವಾಗುತ್ತಿತ್ತು.

"ಒಂದು ಕೇಳ್ಲಾ? ನನಗೆ ಇನ್ನು ಏನಾದರೂ ದಾರಿ ಐತಾ? ನೇರ ಹೇಳ್ರಿ."

ಹೇಳಬಹುದಾದದ್ದು ಬೇಕಾದಷ್ಟಿತ್ತು. ಉಸ್ತುವಾರಿ ಮಂಡಳಿಗೆ ಮತ್ತೊಮ್ಮೆ ಬರೆಯಬಹುದು. ಬೇರೊಂದು ಕಚೇರಿಗೆ ದೂರು ಕೊಡಬಹುದು. ಯುರೋಪಿನ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಒಂದೊಂದರ ಕೊನೆಗೂ ಎರಡು ಸಾಲಿನ ಪತ್ರವೇ ಇದೆ ಎಂದು ನನಗೆ ಗೊತ್ತಿತ್ತು. ಆ ಪತ್ರದ ಭಾಷೆಯನ್ನು ತಿದ್ದಿ ತೀಡಿದವರಲ್ಲಿ ಈಗ ನಾನೂ ಒಬ್ಬಳು.

"ಇಲ್ಲ" ಎಂದೆ.

ಅವರು ಉಸಿರು ಬಿಟ್ಟರು. "ಇಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲ. ಎಲ್ಲರೂ ಅಲ್ಲಿ ಬರೀರಿ, ಇಲ್ಲಿ ಅರ್ಜಿ ಹಾಕ್ರಿ ಅಂತಿದ್ದರು. ಹೆಂಡತಿ ಒಂದು ವರ್ಷದಿಂದ ಹೇಳ್ತಿದ್ದಾಳೆ, ಬಿಟ್ಟು ಹೋಗೋಣ ಅಂತ. ನಾನೇ ತಡೀತಿದ್ದೆ. ಜೂನ್‌ಗೆ ಮಗಳ ಶಾಲೆ ಮುಗೀತದ."

"ಎಲ್ಲಿಗೆ ಹೋಗ್ತೀರಿ?"

"ಅದಿನ್ನೂ ನೋಡಿಲ್ಲ. ಈ ಪ್ರೋಟೀನಿನ ಕೆಲಸ ಬೇರೆ ಕಡೆ ಮಾಡೋರು ಮೂರೋ ನಾಲ್ಕೋ ಕಡೆ ಅಷ್ಟೇ. ಅವರೆಲ್ಲ ಇಲ್ಲಿಗೆ ಬರೆದು ಕೇಳ್ತಾರೆ, ಈತ ಯಾಕೆ ಬಿಟ್ಟ ಅಂತ. ಇಲ್ಲಿನವರು ಏನು ಹೇಳ್ತಾರೆ? ಹೆಚ್ಚು ಹೇಳಲಾಗದು ಅಂತಾರೆ." ಅವರು ಸಣ್ಣಗೆ ನಕ್ಕರು. ಆಮೇಲೆ, ನಮ್ಮವರು ಯಾವ ಮಾತಿನ ಕೊನೆಗೂ ಕೇಳುವ ಹಾಗೆ, "ಊಟ ಆಯ್ತಾ ಮೇಡಂ?" ಎಂದರು.

ಆಯಿತು ಎಂದೆ. ಆಗಿರಲಿಲ್ಲ.

ಫೋನು ಇಟ್ಟು ಗಡಿಯಾರ ನೋಡಿದೆ. ಒಂದು ಗಂಟೆಗೆ ಇನ್ನೊಂದು ವಿಚಾರಣೆಯಿತ್ತು, ಬೇಲಿ ವಿಷಯಕ್ಕೆ ಜಗಳವಾಡಿದ ಇಬ್ಬರು ನೆರೆಯವರದು. ಇಬ್ಬರೂ ಬಂದು ಹೊರಗೆ ಕಾಯುತ್ತಿದ್ದರು, ಇಬ್ಬರ ಕೈಯಲ್ಲೂ ಒಬ್ಬರ ಮೇಲೊಬ್ಬರು ಬರೆದ ದೂರಿನ ಪ್ರತಿ ಇತ್ತು. ನಾನು ಬಾಗಿಲು ತೆರೆದು ಅವರನ್ನು ಹೆಸರು ಹಿಡಿದು ಒಳಗೆ ಕರೆದೆ.